ಟ್ರಕ್ಕಿನ ಬೆನ್ನ ಮೇಲೊಂದು ಮನೆ: ಹಿಮಯಾತ್ರೆಯಲ್ಲಿ ಚಳಿಗಿಂತ ತೇವವೇ ಹಗೆ

ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿಯಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ವಿಶೇಷವೇನಲ್ಲ. ಮೊಂಟಾನಾ ರಾಜ್ಯದ ರೋಜರ್ಸ್ ಪಾಸ್ ಎಂಬ ಕಣಿವೆಮಾರ್ಗದಲ್ಲಿ 1954ರ ಜನವರಿ 20ರಂದು ಮೈನಸ್ 57 ಡಿಗ್ರಿ ದಾಖಲಾಗಿತ್ತು. ಅಲಾಸ್ಕವನ್ನು ಬಿಟ್ಟರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಳೆಯಲಾದ ಅತಿ ಕಡಿಮೆ ಉಷ್ಣಾಂಶ ಅದು. ಇಂಥ ನಾಡಿನಲ್ಲಿ, ಇಂಥದೇ ಋತುವಿನಲ್ಲಿ, ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಪುಟ್ಟ ಮನೆಯೊಂದನ್ನು ಹೊರಿಸಿಕೊಂಡು ಸ್ಕೀ ಆಟಕ್ಕೋ, ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನು ಹಿಡಿಯಲೋ, ಸುಮ್ಮನೆ ಹಿಮ ಬೀಳುವುದನ್ನು ನೋಡಲೋ ಹೊರಡುವವರಿದ್ದಾರೆ. ಹೋಟೆಲಿನ ಕೋಣೆಗೆ ಕಾಯಬೇಕಿಲ್ಲ, ದಾರಿ ಮುಚ್ಚಿದರೆ ನಿಂತಲ್ಲೇ ರಾತ್ರಿ ಕಳೆಯಬಹುದು ಎಂಬುದು ಅವರ ಧೈರ್ಯ.

ಹೊಸಬರ ಅನುಭವ ಮಾತ್ರ ಬಹುತೇಕ ಒಂದೇ ಬಗೆಯದು. ಮೊದಲ ರಾತ್ರಿ ಹೀಟರ್ ಸೊಗಸಾಗಿ ಉರಿಯುತ್ತದೆ, ಸ್ವೆಟರ್ ಕಳಚುವಷ್ಟು ಒಳಗೆ ಬೆಚ್ಚಗಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಒಳಮೈಗೆ ಮಂಜುಗಡ್ಡೆಯ ಪದರ, ಚಾವಣಿಯಿಂದ ತೊಟ್ಟಿಕ್ಕುವ ಹನಿ, ಕಪಾಟಿನೊಳಗಿನ ಬಟ್ಟೆಯೆಲ್ಲ ತಣ್ಣಗೆ ಅಂಟಂಟು. ಮೂರನೆಯ ದಿನ ಹಾಸಿಗೆ ಎತ್ತಿದರೆ ಅದರ ತಳ ಒದ್ದೆ. ಕಾವು ಸಾಲದೆ ಹೀಗಾಯಿತೆಂದು ಭಾವಿಸಿ ಇನ್ನೂ ದೊಡ್ಡ ಹೀಟರ್ ತರುತ್ತಾರೆ. ಗಾಳಿ ನುಸುಳುತ್ತಿದೆಯೆಂದು ಸಂದುಗೊಂದುಗಳನ್ನೆಲ್ಲ ಮುಚ್ಚುತ್ತಾರೆ. ಮೊದಲನೆಯ ಉಪಾಯದಿಂದ ತೇವ ಹೆಚ್ಚಬಹುದು. ಎರಡನೆಯದರಿಂದ ಜೀವವೇ ಹೋಗಬಹುದು.

ಟ್ರಕ್ ಕ್ಯಾಂಪರ್ ಎಂಬುದು ನಮ್ಮಲ್ಲಿ ಅಷ್ಟಾಗಿ ಕಾಣದ ವಸ್ತುವಾದ್ದರಿಂದ ಒಂದೆರಡು ಮಾತು ಅಗತ್ಯ. ಡೆನ್ವರ್, ಸಿಯಾಟಲ್, ಕ್ಯಾಲ್ಗರಿಯಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅದು ಅಪರಿಚಿತವಲ್ಲ. ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಬೇರೆ, ಬಸ್ಸಿನಂತೆ ತಾನೇ ಓಡುವ ಮೋಟಾರ್ ಹೋಮ್ ಬೇರೆ. ಕ್ಯಾಂಪರ್ ಎಂದರೆ ಪಿಕಪ್ ಟ್ರಕ್ಕಿನಲ್ಲಿ ಸರಕು ತುಂಬುವ ಜಾಗಕ್ಕೆ ಜಾರಿಸಿ ಕೂರಿಸುವ ಪೆಟ್ಟಿಗೆ. ಬೇಡವೆನಿಸಿದಾಗ ನಾಲ್ಕು ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಟ್ರಕ್ಕನ್ನು ಅದರಡಿಯಿಂದ ಹೊರತಂದು ಸಂತೆ ಸಾಮಾನಿಗೆ ಒಯ್ಯಬಹುದು. ಚಾಲಕನ ತಲೆಯ ಮೇಲಕ್ಕೆ ಚಾಚಿಕೊಂಡ ಅಟ್ಟದಂಥ ಭಾಗವೇ ಹಾಸಿಗೆ. ಅದರ ಹಿಂದೆ ಒಲೆ, ಚಿಕ್ಕ ಮೇಜು, ಕೆಲವದರಲ್ಲಿ ಶೌಚಕ್ಕೂ ಸ್ನಾನಕ್ಕೂ ಜಾಗ. ಸಾಹಿತ್ಯದ ಓದುಗರಿಗೆ ಇದರ ಹಿರಿಯನೊಬ್ಬನ ಪರಿಚಯ ಇರಬಹುದು. ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ನಾಯಿಯನ್ನು ಜೊತೆಗಿರಿಸಿಕೊಂಡು ಅಮೆರಿಕ ಸುತ್ತಿದ್ದು ಜಿಎಂಸಿ ಟ್ರಕ್ಕಿನ ಮೇಲೆ ಕೂರಿಸಿದ ಇಂಥದೊಂದು ಕ್ಯಾಂಪರಿನಲ್ಲೇ. ಡಾನ್ ಕಿಹೋಟೆಯ ಕುದುರೆಯ ಹೆಸರನ್ನು ಅದಕ್ಕಿಟ್ಟಿದ್ದರು. ಕ್ಯಾಲಿಫೋರ್ನಿಯಾದ ಸಲೀನಸ್ ಪಟ್ಟಣದಲ್ಲಿರುವ ಅವರ ಸ್ಮಾರಕ ಕೇಂದ್ರದಲ್ಲಿ ಆ ವಾಹನವನ್ನು ಕಾಪಾಡಿ ಇಡಲಾಗಿದೆ.

ಚಳಿಗಾಲಕ್ಕೆ ಟ್ರೇಲರಿಗಿಂತ ಕ್ಯಾಂಪರ್ ಒಗ್ಗುವುದಕ್ಕೆ ಕಾರಣ ಸರಳ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ತಲಪುವ ಟ್ರಕ್ಕು ಹಿಮದ ದಾರಿ ಏರಬಲ್ಲದು. ಹಿಂದೆ ಬಾಲವಿಲ್ಲದ ಕಾರಣ ಜಾರಿಕೆ ಕಡಿಮೆ. ಒಳಗಿನ ಜಾಗ ಚಿಕ್ಕದು, ಬೇಗ ಬೆಚ್ಚಗಾಗುತ್ತದೆ. ಆದರೆ ಇದೇ ಚಿಕ್ಕತನವೇ ತೊಂದರೆಯ ಮೂಲವೂ ಹೌದು.

ಹದಿನೈದು ಘನ ಮೀಟರ್ ಗಾಳಿಯ ಲೆಕ್ಕ

ಮಧ್ಯಮ ಗಾತ್ರದ ಕ್ಯಾಂಪರಿನೊಳಗೆ ಸುಮಾರು 15 ಘನ ಮೀಟರ್ ಗಾಳಿ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಬಹುದು. 20 ಡಿಗ್ರಿ ಉಷ್ಣಾಂಶದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿಯನ್ನು ಹೊರಬಲ್ಲದು. ಅಲ್ಲಿಗೆ ಇಡೀ ಕ್ಯಾಂಪರಿನ ಗಾಳಿ ಹೊರಬಲ್ಲದ್ದು 255 ಗ್ರಾಂ, ಅಂದರೆ ಒಂದು ದೊಡ್ಡ ಲೋಟದಷ್ಟು ನೀರು. ನಿದ್ರಿಸುವ ಒಬ್ಬ ಮನುಷ್ಯ ಎಂಟು ಗಂಟೆಗಳಲ್ಲಿ ಉಸಿರು ಮತ್ತು ಚರ್ಮದ ಮೂಲಕ ಸರಿಸುಮಾರು ಅಷ್ಟನ್ನೇ ಹೊರಹಾಕುತ್ತಾನೆ. ಇಬ್ಬರು ಮಲಗಿದರೆ ಅರ್ಧ ಲೀಟರ್. ಅದರ ಮೇಲೆ ಸಂಜೆ ಅನ್ನ ಬೇಯಿಸಿದ ಹಬೆ, ಕಾಫಿಗೆ ಕುದಿಸಿದ ನೀರು, ಬಾಗಿಲ ಬಳಿ ಕರಗುತ್ತಿರುವ ಬೂಟಿನ ಹಿಮ, ಒಣಗಲೆಂದು ತೂಗುಹಾಕಿದ ಕೈಗವಸು. ಮಲೆನಾಡಿನ ಆಷಾಢದಲ್ಲಿ ವಾರವಾದರೂ ಬಟ್ಟೆ ಒಣಗದ ಸ್ಥಿತಿ ಒಂದೇ ರಾತ್ರಿಯಲ್ಲಿ ಇಲ್ಲಿ ನಿರ್ಮಾಣವಾಗುತ್ತದೆ.

ಗಾಳಿ ಹೊರಲಾರದ ಆವಿ ಎಲ್ಲಿಗೆ ಹೋಗಬೇಕು? ಅತ್ಯಂತ ತಣ್ಣಗಿರುವ ಮೇಲ್ಮೈಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ನೀರಾಗುತ್ತದೆ. ಒಳಗೆ 20 ಡಿಗ್ರಿ ಉಷ್ಣಾಂಶ, ಶೇ 50 ಆರ್ದ್ರತೆ ಇದ್ದರೆ ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈ ಬೆವರತೊಡಗುತ್ತದೆ. ಹೊರಗೆ ಮೈನಸ್ 20 ಇರುವಾಗ ಒಂಟಿ ಗಾಜಿನ ಒಳಮೈ ಶೂನ್ಯಕ್ಕಿಂತ ಕೆಳಗಿರುವುದರಿಂದ ಅಲ್ಲಿ ಬೆವರಿಗೂ ಅವಕಾಶವಿಲ್ಲ, ನೇರವಾಗಿ ಮಂಜುಗಡ್ಡೆಯೇ. ಹಗಲು ಅದು ಕರಗಿ ಗೋಡೆಯ ಸಂದಿಗೆ ಇಳಿಯುತ್ತದೆ. ಕೆಲವೇ ವಾರಗಳಲ್ಲಿ ಬೂಷ್ಟು, ಕೆಲವು ವರ್ಷಗಳಲ್ಲಿ ಮರದ ಚೌಕಟ್ಟಿನ ಕೊಳೆತ. ಲಕ್ಷಾಂತರ ರೂಪಾಯಿ ಬೆಲೆಯ ಕ್ಯಾಂಪರುಗಳು ಹಾಳಾಗುವುದು ಹೊರಗಿನ ಮಳೆಯಿಂದಷ್ಟೇ ಅಲ್ಲ, ಒಳಗಿನ ಉಸಿರಿನಿಂದಲೂ.

ಪರಿಹಾರ ಕೇಳಿದವರು ಮೊದಲಿಗೆ ನಗುತ್ತಾರೆ: ಕಿಟಕಿ ತೆರೆಯಬೇಕು. ಮೈನಸ್ 20 ಡಿಗ್ರಿಯ ಗಾಳಿ ಎಷ್ಟೇ ಹಿಮದ ನಡುವಿನದಾದರೂ ಅತ್ಯಂತ ಒಣ ಗಾಳಿ. ಒಂದು ಘನ ಮೀಟರಿನಲ್ಲಿ ಒಂದು ಗ್ರಾಂನಷ್ಟು ಮಾತ್ರ ನೀರಾವಿ ಇರುತ್ತದೆ. ಅದನ್ನು ಒಳಗೆ ತಂದು 20 ಡಿಗ್ರಿಗೆ ಕಾಯಿಸಿದರೆ ಬಾಯಾರಿದವನಂತೆ ತೇವವನ್ನು ಹೀರಿಕೊಳ್ಳುತ್ತದೆ. ಚಾವಣಿಯ ಗವಾಕ್ಷಿಯನ್ನು ಎರಡು ಬೆರಳಗಲ ಎತ್ತಿ, ಕೆಳಗೆ ಎದುರು ಮೂಲೆಯ ಕಿಟಕಿಯನ್ನು ಒಂದು ಬೆರಳಗಲ ತೆರೆದರೆ ಬಿಸಿಯಾದ ತೇವದ ಗಾಳಿ ಮೇಲಿಂದ ಹೋಗಿ ಒಣ ಗಾಳಿ ಕೆಳಗಿಂದ ಬರುತ್ತದೆ. ಇದರಿಂದ ಕಾವು ವ್ಯರ್ಥವಾಗುವುದಿಲ್ಲವೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಇಬ್ಬರು ಮಲಗಿದಾಗ ಹೊರಬೀಳುವ ತೇವವನ್ನು ಸಾಗಿಸಿ ಒಳಗಿನ ಆರ್ದ್ರತೆಯನ್ನು ಅರ್ಧದಷ್ಟಕ್ಕೆ ಹಿಡಿದಿಡಲು ಗಂಟೆಗೆ ಎಂಟೊಂಬತ್ತು ಘನ ಮೀಟರ್ ಹೊಸ ಗಾಳಿ ಸಾಕು. ಅದನ್ನು 40 ಡಿಗ್ರಿಯಷ್ಟು ಕಾಯಿಸಲು ಬೇಕಾಗುವುದು ಸುಮಾರು 120 ವ್ಯಾಟ್ ಶಾಖ, ಹಳೆಯ ಕಾಲದ 60 ವ್ಯಾಟಿನ ಎರಡು ಬಲ್ಬುಗಳು ಕೊಡುತ್ತಿದ್ದಷ್ಟು. ಸಾಮಾನ್ಯ ಕ್ಯಾಂಪರ್ ಹೀಟರಿನ ಶಕ್ತಿ ಎರಡು ಸಾವಿರ ವ್ಯಾಟಿಗಿಂತ ಕಡಿಮೆ ಇರುವುದಿಲ್ಲ. ಹೀಗಿರುವಾಗ ಕಿಟಕಿಯ ಒಂದು ಬೆರಳಗಲದ ಬಗ್ಗೆ ಜಿಪುಣತನ ತೋರುವುದು ಲಾಭದ ಮಾತಲ್ಲ.

ಒಣ ಬೆಂಕಿ, ಹಸಿ ಬೆಂಕಿ

ಹೀಟರುಗಳಲ್ಲಿ ಎರಡು ಜಾತಿ. ಈ ಭೇದವನ್ನು ಅರಿಯದೆ ಖರೀದಿಗೆ ಹೋಗುವುದು ತಪ್ಪು.

ಮೊದಲನೆಯದು ಒಳಗಿನ ಗಾಳಿಯಲ್ಲೇ ಉರಿದು, ಉರಿದು ಹುಟ್ಟಿದ್ದನ್ನೆಲ್ಲ ಒಳಗೇ ಬಿಡುವಂಥದು. ಕೈಯಲ್ಲಿ ಹಿಡಿದೊಯ್ಯಬಹುದಾದ ಪ್ರೊಪೇನ್ ಹೀಟರುಗಳು, ಅಡುಗೆ ಒಲೆ, ಜ್ವಾಲೆಯಿಲ್ಲದ ಕೆಟಲಿಟಿಕ್ ಹೀಟರುಗಳ ಪೈಕಿ ಹಲವು ಈ ಜಾತಿಯವು. ಬೆಲೆ ಕಡಿಮೆ, ವಿದ್ಯುತ್ತು ಬೇಡ, ಸದ್ದಿಲ್ಲ. ಆದರೆ ಪ್ರೊಪೇನ್ ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ಹುಟ್ಟುವುದು ನೀರು. ಒಂದು ಕಿಲೋ ಪ್ರೊಪೇನ್ ಉರಿದರೆ 1.6 ಕಿಲೋಗೂ ಮಿಕ್ಕಿ ನೀರಾವಿ. ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುವುದರಿಂದ ಇಂಧನದ ತೂಕಕ್ಕಿಂತ ನೀರಿನ ತೂಕವೇ ಹೆಚ್ಚು. ಗಂಟೆಗೆ 9,000 ಬಿಟಿಯು ಶಾಖ ಕೊಡುವ ಇಂಥ ಹೀಟರನ್ನು ರಾತ್ರಿ ಎಂಟು ಗಂಟೆ ಉರಿಸಿದರೆ ಸುಮಾರು ಒಂದೂವರೆ ಕಿಲೋ ಅನಿಲ ಮುಗಿದು ಎರಡೂವರೆ ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ. ಕ್ಯಾಂಪರಿನ ಗಾಳಿ ಹೊರಬಲ್ಲದ್ದು ಕಾಲು ಲೀಟರ್ ಮಾತ್ರ ಎಂಬುದನ್ನು ಇಲ್ಲಿ ನೆನೆಯಬೇಕು. ಇನ್ನೂ ದೊಡ್ಡ ಹೀಟರ್ ತಂದವರ ಗೋಡೆ ಇನ್ನೂ ಒದ್ದೆಯಾಗುವುದು ಈ ಕಾರಣಕ್ಕೆ.

ಎರಡನೆಯ ಜಾತಿಯಲ್ಲಿ ಉರಿ ಮುಚ್ಚಿದ ಕೋಶದೊಳಗೆ ನಡೆಯುತ್ತದೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಕ್ಕೇ ಹೋಗುತ್ತದೆ. ಲೋಹದ ಗೋಡೆಯ ಮೂಲಕ ಕಾವು ಮಾತ್ರ ಒಳಗಿನ ಗಾಳಿಗೆ ದಾಟುತ್ತದೆ. ಕಾರ್ಖಾನೆಯಲ್ಲೇ ಅಳವಡಿಸಿ ಕೊಡುವ ಪ್ರೊಪೇನ್ ಫರ್ನೇಸುಗಳು ಮತ್ತು ಜರ್ಮನಿಯ ವೆಬಾಸ್ಟೊ, ಎಬರ್ಸ್‌ಪೇಶರ್ ಸಂಸ್ಥೆಗಳು ಹೆಸರು ಮಾಡಿದ ಡೀಸೆಲ್ ಹೀಟರುಗಳು ಈ ಬಗೆಯವು. ಇದು ಒಣ ಬೆಂಕಿ. ಖರ್ಚು ಹೆಚ್ಚು, ಅಳವಡಿಕೆಗೆ ಪರಿಣತ ಕೈ ಬೇಕು, ಫ್ಯಾನು ತಿರುಗಿಸಲು ಬ್ಯಾಟರಿ ಬೇಕು. ಆದರೂ ಚಳಿಗಾಲದ ಯಾತ್ರೆಗೆ ಹಣ ಹಾಕಬೇಕಾದ ಮೊದಲ ಜಾಗ ಇದೇ. ಉಳಿದ ಎಲ್ಲ ಸೌಕರ್ಯಗಳು ಇದರ ನಂತರ.

ತೇವದ ಮಾತು ಸೌಕರ್ಯದ್ದು, ಹಸಿ ಬೆಂಕಿಯ ಇನ್ನೊಂದು ಮುಖ ಸಾವಿನದು. ಆಮ್ಲಜನಕ ಸಾಲದೆ ಇಂಧನ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಮಂಪರು, ವಾಕರಿಕೆ ಇವು ಲಕ್ಷಣಗಳು. ನಿದ್ರೆಯಲ್ಲಿರುವವನಿಗೆ ಮಂಪರು ಬಂದರೆ ತಿಳಿಯುವುದಾದರೂ ಹೇಗೆ? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ, ಅಗ್ನಿ ಅನಾಹುತಗಳನ್ನು ಹೊರತುಪಡಿಸಿಯೂ ಈ ಅನಿಲಕ್ಕೆ ಆಕಸ್ಮಿಕವಾಗಿ ಬಲಿಯಾಗುವವರು ಆ ದೇಶದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು.

ಇದು ಅಮೆರಿಕದವರ ಸಂಕಟವೆಂದು ಬದಿಗಿಡುವಂತಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ ಎಂಟು ಮಂದಿ ಪ್ರವಾಸಿಗರು ಒಂದೇ ಕೋಣೆಯಲ್ಲಿ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಸಿಕ್ಕರು, ಯಾರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಚಳಿ ತಾಳಲಾರದೆ ಅನಿಲದ ಹೀಟರ್ ಹಚ್ಚಿ, ಬಾಗಿಲು ಕಿಟಕಿಗಳನ್ನು ಒಳಗಿನಿಂದ ಭದ್ರಪಡಿಸಿ ಮಲಗಿದ್ದರೆಂದು ಅಂದಿನ ವರದಿಗಳು ಹೇಳಿದ್ದವು. ಚಳಿ ಕಂಡರಿಯದ ದಕ್ಷಿಣದವರು ಹಿಮದೂರಿಗೆ ಹೋದಾಗ ಸಹಜವಾಗಿ ಮಾಡುವ ಕೆಲಸವೇ ಅದು. ಬೆಂಗಳೂರಿನಿಂದ ಲಡಾಖಿಗೋ ಸ್ಪಿತಿಗೋ ಹೊರಡುವವರ ಹೋಟೆಲ್ ಕೋಣೆಗೂ ಕೊಲರಾಡೊದ ಕ್ಯಾಂಪರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಆದ್ದರಿಂದ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ ಕ್ಯಾಂಪರಿನಲ್ಲಿ ಅಲಂಕಾರದ ವಸ್ತುವಲ್ಲ. ಮಲಗುವವರ ತಲೆಯ ಮಟ್ಟಕ್ಕೆ ಹತ್ತಿರ ಅದಿರಬೇಕು. ಅದರೊಳಗಿನ ಸಂವೇದಕಕ್ಕೆ ಆಯಸ್ಸುಂಟು. ಹಿಂಬದಿಯಲ್ಲಿ ಮುದ್ರಿಸಿದ ದಿನಾಂಕ ಮುಗಿದ ಮೇಲೆ ಹಸಿರು ದೀಪ ಉರಿಯುತ್ತಿದ್ದರೂ ನಂಬುವಂತಿಲ್ಲ. ಪ್ರೊಪೇನ್ ಸೋರಿಕೆಯನ್ನು ಪತ್ತೆ ಮಾಡುವ ಸಾಧನ ಬೇರೆಯೇ, ಅದು ನೆಲದ ಬಳಿ ಇರಬೇಕು. ಏಕೆಂದರೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೆ ಮಡುಗಟ್ಟುತ್ತದೆ. ಒಣ ಬೆಂಕಿಯವರೂ ನಿಶ್ಚಿಂತರಲ್ಲ. ರಾತ್ರಿ ಬಿದ್ದ ಹಿಮ ಫರ್ನೇಸಿನ ಹೊಗೆಕೊಳವೆಯನ್ನು ಮುಚ್ಚಿದರೆ ಹೊಗೆ ಹಿಂದಿರುಗುತ್ತದೆ. ಬೆಚ್ಚಗಾಗಲೆಂದು ಟ್ರಕ್ಕಿನ ಎಂಜಿನ್ ಚಾಲೂ ಇಟ್ಟು ಮಲಗುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. ಹಿಮ ಸುರಿಯುವ ರಾತ್ರಿ ಒಮ್ಮೆ ಎದ್ದು ಹೊರಹೋಗಿ ಕೊಳವೆಯ ಬಾಯಿ ನೋಡಿ ಬರುವುದು ಬೇಸರದ ಕೆಲಸ, ಆದರೆ ಬಿಡುವಂಥದ್ದಲ್ಲ.

ಎತ್ತರದ ಊರುಗಳಲ್ಲಿ ಇನ್ನೊಂದು ತೊಡಕಿದೆ. ಕೊಲರಾಡೊದ ಲೆಡ್‌ವಿಲ್ ಪಟ್ಟಣ ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲಿದೆ. ಆಮ್ಲಜನಕ ಕುಗ್ಗಿದರೆ ತಾನಾಗಿ ಆರುವ ಸುರಕ್ಷಾ ವ್ಯವಸ್ಥೆಯುಳ್ಳ ಪ್ರೊಪೇನ್ ಹೀಟರುಗಳು ಸುಮಾರು 2,100 ಮೀಟರ್ ದಾಟಿದ ಮೇಲೆ ಕಾರಣವಿಲ್ಲದೆ ಆರುವುದುಂಟು. ಡೀಸೆಲ್ ಹೀಟರುಗಳಲ್ಲಿ ತೆಳುಗಾಳಿಯಿಂದಾಗಿ ಮಸಿ ಕಟ್ಟುತ್ತದೆ. ಎತ್ತರಕ್ಕೆ ತಕ್ಕಂತೆ ಇಂಧನ ತಗ್ಗಿಸಿಕೊಳ್ಳುವ ವ್ಯವಸ್ಥೆಯುಳ್ಳದ್ದನ್ನು ಆರಿಸುವುದು, ಆಗಾಗ ಪೂರ್ಣ ಶಕ್ತಿಯಲ್ಲಿ ಉರಿಸಿ ಮಸಿ ಸುಡುವುದು ಬಲ್ಲವರ ಕ್ರಮ.

ಇಂಧನದ ಆಯ್ಕೆಯಲ್ಲಿ ಪ್ರೊಪೇನಿಗೆ ಒಂದು ದೊಡ್ಡ ಅನುಕೂಲವುಂಟು: ಅದು ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ. ಬ್ಯೂಟೇನ್ ಶೂನ್ಯದ ಸುತ್ತಮುತ್ತಲೇ ದ್ರವವಾಗಿ ಕುಳಿತುಬಿಡುತ್ತದೆ. ನಮ್ಮ ಅಡುಗೆ ಅನಿಲ ಇವೆರಡರ ಮಿಶ್ರಣವಾದ್ದರಿಂದಲೇ ಹಿಮಾಲಯದ ಚಳಿಯಲ್ಲಿ ಸಿಲಿಂಡರ್ ತುಂಬಿದ್ದರೂ ಒಲೆ ಉರಿಯದಂತಾಗುತ್ತದೆ. ಅಮೆರಿಕದಲ್ಲಿ ಈ ವಾಹನಗಳಿಗೆ ತುಂಬುವುದು ಬಹುಪಾಲು ಪ್ರೊಪೇನನ್ನೇ. 9 ಕಿಲೋ ಸಿಲಿಂಡರ್ ಒಂದರಲ್ಲಿ ಗಂಟೆಗೆ 20,000 ಬಿಟಿಯು ಫರ್ನೇಸನ್ನು ಬಿಡುವಿಲ್ಲದೆ ಉರಿಸಿದರೆ 21 ಗಂಟೆ ಸಾಗೀತು. ಅರ್ಧ ಹೊತ್ತು ಉರಿದು ಅರ್ಧ ಹೊತ್ತು ನಿಂತರೂ ಎರಡು ದಿನಕ್ಕಿಂತ ಕಡಿಮೆ. ಹಾಗಾಗಿ ಎರಡು ಸಿಲಿಂಡರ್ ಇಲ್ಲದೆ ವಾರದ ಯಾತ್ರೆಗೆ ಹೊರಡುವುದು ಜಾಣತನವಲ್ಲ. ಡೀಸೆಲ್ ಹೀಟರ್ ಮಂದ ಉರಿಯಲ್ಲಿ ಗಂಟೆಗೆ 100 ಮಿಲಿಲೀಟರಿನ ಆಸುಪಾಸಿನಲ್ಲೇ ತೃಪ್ತವಾಗುತ್ತದೆ. ಆದರೆ ಸಾಮಾನ್ಯ ಡೀಸೆಲಿನೊಳಗಿನ ಮೇಣ ಕಡುಚಳಿಯಲ್ಲಿ ಗಟ್ಟಿಯಾಗಿ ಸೋಸುಕವನ್ನು ಕಟ್ಟಿಹಾಕುವುದರಿಂದ, ಬಯಲುನಾಡಿನಲ್ಲಿ ತುಂಬಿಸಿದ ಟ್ಯಾಂಕಿನೊಂದಿಗೆ ಬೆಟ್ಟ ಏರಬಾರದು. ಅಲ್ಲಿನ ಪಂಪುಗಳಲ್ಲಿ ಸಿಗುವ ಚಳಿಗಾಲದ ಡೀಸೆಲನ್ನೇ ತುಂಬಿಸಿಕೊಳ್ಳಬೇಕು.

ಗೋಡೆ, ಗಾಜು, ಹಾಸಿಗೆಯ ತಳ

ಕ್ಯಾಂಪರುಗಳಲ್ಲಿ ಗಟ್ಟಿ ಗೋಡೆಯವು ಮತ್ತು ಚಾವಣಿ ಎತ್ತಿದಾಗ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವವು ಎಂದು ಎರಡು ವಿಧ. ಎರಡನೆಯದು ಹಗುರ, ದಾರಿಯಲ್ಲಿ ಗಾಳಿಯ ಎದುರೊತ್ತು ಕಡಿಮೆ. ಬಟ್ಟೆಯ ಒಳಗೆ ಮತ್ತೊಂದು ದಪ್ಪ ಪರದೆ ಕಟ್ಟಿ ಚಳಿಗಾಲಕ್ಕೂ ಬಳಸುವ ಹಟವಾದಿಗಳು ಇಲ್ಲದಿಲ್ಲ. ಆದರೆ ಆಯ್ಕೆ ಇನ್ನೂ ಕೈಯಲ್ಲಿದ್ದರೆ ಚಳಿಗಾಲಕ್ಕೆ ಗಟ್ಟಿ ಗೋಡೆಯದೇ ಸರಿ. ಕೆನಡದ ಬ್ರಿಟಿಷ್ ಕೊಲಂಬಿಯಾದಲ್ಲಿ ತಯಾರಾದ ಬಿಗ್‌ಫುಟ್‌ನಂಥ ಕ್ಯಾಂಪರುಗಳು ಹೆಸರು ಗಳಿಸಿದ್ದು ಫೈಬರ್‌ಗ್ಲಾಸಿನ ಎರಡೇ ಚಿಪ್ಪುಗಳನ್ನು ಕೂಡಿಸಿದ ಕಾಯದಿಂದ. ಜೋಡಣೆಯ ಗೆರೆ ಒಂದೇ ಆದ್ದರಿಂದ ನೀರು ಇಳಿಯುವ ದಾರಿಗಳೂ ಕಡಿಮೆ.

ಗೋಡೆಯ ದಪ್ಪಕ್ಕಿಂತ ಅದರೊಳಗಿನ ಚೌಕಟ್ಟನ್ನು ವಿಚಾರಿಸುವುದು ಒಳ್ಳೆಯದು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಥರ್ಮೋಕೋಲಿನಂಥ ನೊರೆಹಲಗೆ ಎಷ್ಟೇ ದಪ್ಪವಿದ್ದರೂ ನಡುವೆ ಹಾದುಹೋಗುವ ಅಲ್ಯೂಮಿನಿಯಂ ಪಟ್ಟಿ ಹೊರಗಿನ ಚಳಿಯನ್ನು ನೇರವಾಗಿ ಒಳಗೆ ತಲಪಿಸುತ್ತದೆ. ಚಳಿಯ ಬೆಳಿಗ್ಗೆ ಒಳಗೋಡೆಯ ಮೇಲೆ ನೆಟ್ಟಗೆ ಗೆರೆ ಎಳೆದಂತೆ ತೇವ ಕಂಡರೆ ಅದರ ಹಿಂದೆ ಲೋಹದ ಚೌಕಟ್ಟಿದೆ ಎಂದೇ ಅರ್ಥ. ಒಳಗಿನಿಂದ ತೆಳ್ಳನೆಯ ಕಾರ್ಕ್ ಅಥವಾ ನೊರೆಹಾಳೆ ಅಂಟಿಸಿದರೆ ಸ್ವಲ್ಪ ಉಪಶಮನ.

ಕಿಟಕಿಗಳಿಗೆ ಜೋಡಿಗಾಜು ಅಥವಾ ಜೋಡಿ ಅಕ್ರಿಲಿಕ್ ಉತ್ತಮ. ಇಲ್ಲವಾದರೆ ನೊರೆಹಾಳೆಯನ್ನು ಕಿಟಕಿಯ ಅಳತೆಗೆ ಬಿಗಿಯಾಗಿ ಕತ್ತರಿಸಿ ರಾತ್ರಿ ಸಿಕ್ಕಿಸಬಹುದು. ಸಡಿಲವಾಗಿ ತೂಗುಬಿಟ್ಟ ಪರದೆ ಮಾತ್ರ ಕೆಡುಕನ್ನೇ ಮಾಡುತ್ತದೆ, ಅದರ ಹಿಂದಕ್ಕೆ ತೇವದ ಗಾಳಿ ನುಸುಳಿ ಗಾಜನ್ನು ಇನ್ನಷ್ಟು ಒದ್ದೆ ಮಾಡುತ್ತದೆ. ಗವಾಕ್ಷಿಗೆ ತುರುಕುವ ದಿಂಬುಗಳು ಅಂಗಡಿಯಲ್ಲಿ ಸಿಗುತ್ತವೆ. ಎರಡು ಗವಾಕ್ಷಿಗಳಿದ್ದರೆ ಒಂದನ್ನು ಮಾತ್ರ ಮುಚ್ಚಿ, ಇನ್ನೊಂದನ್ನು ಗಾಳಿಗೆ ಬಿಡಬೇಕು.

ಹಾಸಿಗೆಯ ವಿಷಯ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಚಾಲಕನ ತಲೆಯ ಮೇಲಿನ ಆ ಅಟ್ಟಕ್ಕೆ ಮೇಲೆ, ಪಕ್ಕದಲ್ಲಿ ಮಾತ್ರವಲ್ಲ, ಕೆಳಗಿನಿಂದಲೂ ಚಳಿ. ಮೈಯ ತೇವ ಫೋಮ್ ಹಾಸಿಗೆಯ ಮೂಲಕ ಇಳಿದು ತಣ್ಣನೆಯ ಪ್ಲೈವುಡ್ ಮುಟ್ಟಿದೊಡನೆ ನೀರಾಗುತ್ತದೆ. ಹಾಸಿಗೆಗೂ ಹಲಗೆಗೂ ನಡುವೆ ಮರದ ಪಟ್ಟಿಗಳನ್ನೋ, ಸುರುಳಿಸುರುಳಿಯಾದ ಪ್ಲಾಸ್ಟಿಕ್ ನಾರಿನ ಜಾಲವನ್ನೋ ಹಾಕಿ ಒಂದೆರಡು ಸೆಂಟಿಮೀಟರ್ ಗಾಳಿಯಾಡಲು ಬಿಟ್ಟರೆ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಕಪಾಟುಗಳ ಹಿಂಬದಿಗೂ ಇದೇ ಉಪಾಯ: ಬಟ್ಟೆಯನ್ನು ಹೊರಗೋಡೆಗೆ ಒತ್ತಿ ತುಂಬಬಾರದು, ಬಾಗಿಲನ್ನು ರಾತ್ರಿ ಓರೆಯಾಗಿ ತೆರೆದಿಡಬೇಕು.

ನೀರು, ಬ್ಯಾಟರಿ, ಬಿಸಿಲು

ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ. ಕೊಳವೆ, ನಲ್ಲಿ, ಪಂಪು, ನೀರು ಕಾಯಿಸುವ ಬಾಯ್ಲರು ಯಾವುದೂ ಇದಕ್ಕೆ ಜಗ್ಗುವುದಿಲ್ಲ, ಒಡೆಯುತ್ತವೆ. ‘ನಾಲ್ಕು ಋತುವಿನ’ ಕ್ಯಾಂಪರ್ ಎಂದು ಮಾರುವವುಗಳಲ್ಲಿ ಟ್ಯಾಂಕುಗಳು ಕಾವಿರುವ ತಳಮನೆಯೊಳಗಿದ್ದು, ಫರ್ನೇಸಿನ ಬಿಸಿಗಾಳಿಯ ಒಂದು ಕೊಳವೆ ಅತ್ತ ಹೋಗುತ್ತದೆ. ಮಾತಿಗೆ ಮರುಳಾಗದೆ ಆ ಕೊಳವೆ ನಿಜವಾಗಿಯೂ ಇದೆಯೇ ಎಂದು ಬಗ್ಗಿ ನೋಡುವುದು ಲೇಸು. ತ್ಯಾಜ್ಯ ನೀರಿನ ಕವಾಟ ಹೊರಗೆ ಚಾಚಿಕೊಂಡಿದ್ದರೆ ಮೊದಲು ಹೆಪ್ಪುಗಟ್ಟುವುದು ಅದೇ. ಅನುಭವಿಗಳಲ್ಲಿ ಹಲವರು ಈ ರಗಳೆಯನ್ನೇ ಬಿಟ್ಟುಬಿಟ್ಟಿದ್ದಾರೆ. ಶರತ್ಕಾಲದಲ್ಲೇ ಕೊಳವೆಗಳನ್ನೆಲ್ಲ ಬರಿದು ಮಾಡಿ, ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವ ಹಾಯಿಸಿ, ಕುಡಿಯಲು ಕ್ಯಾನುಗಳಲ್ಲಿ ನೀರು ಒಯ್ಯುತ್ತಾರೆ. ಮಲಗುವ ಮುನ್ನ ಕೆಟಲಿಗೆ ನೀರು ತುಂಬಿಟ್ಟರೆ ಬೆಳಗಿನ ಕಾಫಿಗೆ ಅಡ್ಡಿಯಿಲ್ಲ, ಹೆಪ್ಪುಗಟ್ಟಿದರೂ ನೇರ ಒಲೆಗೇರಿಸಬಹುದು. ವಾಹನದ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಅದನ್ನು ಕುಡಿಯುವ ನೀರಿನ ಕೊಳವೆಗೆ ಎಂದೂ ಬಿಡಬಾರದು.

ವಿದ್ಯುತ್ತಿನ ಲೆಕ್ಕ ಬೇಸಿಗೆಯದೇ ಬೇರೆ, ಚಳಿಗಾಲದ್ದೇ ಬೇರೆ. ಡಿಸೆಂಬರ್ ಕೊನೆಯ ವಾರ ಕ್ಯಾಲ್ಗರಿಯಲ್ಲಿ ಹಗಲು ಎಂಟು ಗಂಟೆಗಿಂತ ಕಡಿಮೆ, ನಡುಹಗಲಲ್ಲೂ ಸೂರ್ಯ ದಿಗಂತದಿಂದ 16 ಡಿಗ್ರಿಯಷ್ಟೂ ಏರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ಎತ್ತರದ ಬಿಸಿಲು. ಚಾವಣಿಗೆ ಮಟ್ಟಸವಾಗಿ ಜಡಿದ ಸೌರಫಲಕದ ಮೇಲೆ ಆ ಓರೆಬಿಸಿಲು ಜಾರಿಹೋಗುತ್ತದೆ. ಹಿಮ ಬಿದ್ದರಂತೂ ಕತ್ತಲೆ. ಹೀಗಾಗಿ ಚಳಿಗಾಲದಲ್ಲಿ ಬ್ಯಾಟರಿ ತುಂಬುವ ಭರವಸೆಯ ದಾರಿ ಟ್ರಕ್ಕಿನ ಆಲ್ಟರ್ನೇಟರ್. ಎರಡು ಬ್ಯಾಟರಿಗಳ ನಡುವೆ ಡಿಸಿ-ಡಿಸಿ ಚಾರ್ಜರ್ ಒಂದನ್ನು ಹಾಕಿಸಿದರೆ ದಿನಕ್ಕೆ ಒಂದೆರಡು ಗಂಟೆಯ ಓಟದಲ್ಲಿ ರಾತ್ರಿಯ ಖರ್ಚು ಮರಳಿ ಬರುತ್ತದೆ.

ಬ್ಯಾಟರಿಯ ಜಾತಿಯೂ ಮುಖ್ಯ. ಸೀಸದ ಬ್ಯಾಟರಿ ಮೈನಸ್ 18 ಡಿಗ್ರಿಯಲ್ಲಿ ತನ್ನ ಸಾಮರ್ಥ್ಯದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಪೂರ್ತಿ ತುಂಬಿದ್ದರೆ ಹೆಪ್ಪುಗಟ್ಟುವ ಭಯವಿಲ್ಲ. ಬರಿದಾದರೆ ಮೈನಸ್ 10ರ ಆಸುಪಾಸಿನಲ್ಲೇ ಒಳಗಿನ ದ್ರವ ಗಡ್ಡೆಯಾಗಿ ಪೆಟ್ಟಿಗೆ ಬಿರಿಯಬಹುದು. ಇತ್ತೀಚಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹಗುರ, ಚಳಿಯಲ್ಲೂ ವಿದ್ಯುತ್ತು ಕೊಡುತ್ತವೆ. ಆದರೆ ಶೂನ್ಯಕ್ಕಿಂತ ಕೆಳಗೆ ಅವನ್ನು ಚಾರ್ಜ್ ಮಾಡುವಂತಿಲ್ಲ. ಮಾಡಿದರೆ ಒಳಗೆ ಲೋಹದ ರೂಪದಲ್ಲಿ ಲಿಥಿಯಂ ಕಟ್ಟಿಕೊಂಡು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಅದಕ್ಕಾಗಿ ಒಳಗೇ ಕಾವುಪಟ್ಟಿ ಇರುವ ಬ್ಯಾಟರಿ ಕೊಳ್ಳಬೇಕು, ಇಲ್ಲವೇ ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಿಂದ ತಂದು ವಾಸದ ಜಾಗದೊಳಗೆ ಇರಿಸಬೇಕು. ಎರಡನೆಯದಕ್ಕೆ ಖರ್ಚು ಕಡಿಮೆ. ಮನುಷ್ಯರಿಗೆ ಹಿತವಾದ ಕಾವು ಈ ಬ್ಯಾಟರಿಗೂ ಹಿತ.

ಹೀಗೆ ಒಂದೊಂದೇ ಸೇರಿಸುತ್ತ ಹೋದಾಗ ಮರೆತುಹೋಗುವುದು ತೂಕ. ಗಟ್ಟಿ ಗೋಡೆಯ ಕ್ಯಾಂಪರ್ ಬರಿದಾಗಿಯೇ ಒಂದು ಟನ್ನಿಗೆ ಮಿಗಿಲಿರುತ್ತದೆ. ಎರಡನೆಯ ಸಿಲಿಂಡರ್, ಹೆಚ್ಚುವರಿ ಬ್ಯಾಟರಿ, ನೀರು, ಸರಪಳಿ, ಸಲಿಕೆ, ಸ್ಕೀ, ಜನ ಎಲ್ಲ ಕೂಡಿದರೆ ಟ್ರಕ್ಕಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ನಮೂದಿಸಿದ ಹೊರೆಯ ಮಿತಿಯನ್ನು ದಾಟುವುದು ಸುಲಭ. ಹೊರೆ ಎತ್ತರದಲ್ಲಿರುವುದರಿಂದ ಹಿಮದ ತಿರುವಿನಲ್ಲಿ ವಾಹನ ಓಲಾಡುತ್ತದೆ. ಎಲ್ಲವನ್ನೂ ತುಂಬಿಕೊಂಡು ಒಮ್ಮೆ ಲಾರಿಗಳ ತೂಕದ ಸೇತುವೆಯ ಮೇಲೆ ನಿಲ್ಲಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಬ್ರಿಟಿಷ್ ಕೊಲಂಬಿಯಾದ ಬಹುತೇಕ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ಚಳಿಗಾಲದ ಟಯರು ಕಡ್ಡಾಯ.

ಇಷ್ಟೆಲ್ಲ ಸಜ್ಜು ಮುಗಿದ ಮೇಲೂ ನೇರ ಬೆಟ್ಟಕ್ಕೆ ಹೊರಡುವ ಬದಲು ಮನೆಯ ಅಂಗಳದಲ್ಲೇ ಚಳಿಯ ಎರಡು ರಾತ್ರಿ ಮಲಗಿ ನೋಡುವ ಪದ್ಧತಿ ಅಲ್ಲಿನ ಬಳಕೆದಾರರಲ್ಲಿ ಇದೆ. ಒಂದು ಉಷ್ಣಮಾಪಕ, ಒಂದು ಆರ್ದ್ರತಾಮಾಪಕ ಒಳಗಿಟ್ಟು, ಮೊದಲ ರಾತ್ರಿ ಗವಾಕ್ಷಿ ಮುಚ್ಚಿ, ಎರಡನೆಯ ರಾತ್ರಿ ಎರಡು ಬೆರಳಗಲ ತೆರೆದು ಬೆಳಿಗ್ಗೆ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಈ ಪರೀಕ್ಷೆ ಒಣ ಬೆಂಕಿಯ ಹೀಟರ್ ಇರುವವರಿಗೆ ಮಾತ್ರ. ಹಸಿ ಬೆಂಕಿ ಉರಿಯುವಲ್ಲಿ ಗವಾಕ್ಷಿಯನ್ನು ಒಂದು ರಾತ್ರಿಯ ಮಟ್ಟಿಗೂ ಮುಚ್ಚುವಂತಿಲ್ಲ. ಬ್ಯಾಟರಿ ಎಷ್ಟು ಇಳಿಯಿತು, ಅನಿಲ ಎಷ್ಟು ಮುಗಿಯಿತು, ಯಾವ ಮೂಲೆಯ ಗೋಡೆ ಬೆವರಿತು ಎಂಬುದೆಲ್ಲ ಆಗಲೇ ಗೊತ್ತಾಗುತ್ತದೆ. ತಪ್ಪಿದರೆ ಮನೆಯ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿರುತ್ತದೆ.